ಚೌಡ, ಚವುಡ, ಚಾವುಂಡ: ‘ಹುಡುಕಿದೆ, ಇಲ್ಲ’ ಅನ್ನುವವರಿಗೆ

ಶಾಸನಾಸಕ್ತರ ನಡುವೆ ಈಚೆಗೆ ಒಂದು ಮಾತು ಪದೇಪದೇ ಕೇಳಿಬರ್ತಿದೆ: ‘ಪಠ್ಯ ಎಲ್ಲಾ ಹುಡುಕಿದೆ, ಆ ಹೆಸರು ಎಲ್ಲೂ ಇಲ್ಲ.’ ಅಲ್ಲಿಂದ ಒಂದೇ ಜಿಗಿತಕ್ಕೆ ‘ಆದ್ದರಿಂದ ಈ ಹೆಸರು ಈಚಿನದು’ ಎಂಬ ತೀರ್ಮಾನ. ಮೊದಲನೆಯದು ಕಂಪ್ಯೂಟರ್ ಮಾಡಿದ ಕೆಲಸದ ವರದಿ, ಎರಡನೆಯದು ಇತಿಹಾಸದ ಹೇಳಿಕೆ. ಇವೆರಡನ್ನು ಒಂದೇ ಎಂದು ತಿಳಿಯುವುದಕ್ಕೆ ನನ್ನ ಆಕ್ಷೇಪವಿದೆ.

ನಾನಿರುವುದು ಅಫಜಲಪುರ ತಾಲ್ಲೂಕಿನ ಚೌಡಾಪುರದಲ್ಲಿ, ಗಾಣಗಾಪುರಕ್ಕೆ ಹೋಗುವವರಿಗೆ ಗೊತ್ತಿರುವ ಊರು. ಊರ ಹೆಸರಿಗೂ ಚೌಡಿಗೂ ಗಂಟು ಹಾಕುವ ಉಮೇದು ನನಗಿಲ್ಲ. ಆದರೆ ಉದಾಹರಣೆಗೆ ಈ ಹೆಸರಿಗಿಂತ ಒಳ್ಳೇದು ಸಿಗಲಿಕ್ಕಿಲ್ಲ. ಹುಡುಕುವ ಪೆಟ್ಟಿಗೆಯಲ್ಲಿ ‘ಚೌಡ’ ಅಂತ ಹಾಕಿದರೆ ‘ಚೌಡ’ ಮಾತ್ರ ಸಿಗುತ್ತದೆ. ಶಾಸನ ಬರೆದವನು ಚವುಡ ಅಂತಲೂ ಬರೀತಾನೆ, ಚಉಡ ಅಂತಲೂ ಬರೀತಾನೆ; ಚಾವುಂಡ, ಚಾವುಣ್ಡ, ಚಾಮುಂಡ ಬೇರೆ. ಆರು ಸಲ ಹುಡುಕುವ ಬದಲು ಟರ್ಮಿನಲ್‌ನಲ್ಲಿ ಗ್ರೆಪ್‌ಗೆ ಒಂದೇ ಮಾದರಿ ಕೊಡಬಹುದು:

ಚ(ೌ|ವು|ಉ|ಾವು|ಾಮು)(ಂ|ಣ್)?ಡ

ಕಂಬಿ ಅಂದರೆ ‘ಇದು ಇಲ್ಲವೇ ಅದು’, ಪ್ರಶ್ನಾರ್ಥಕ ಅಂದರೆ ‘ಇದ್ದರೂ ಸೈ, ಇಲ್ಲದಿದ್ದರೂ ಸೈ’. ತಲೆಯಿಲ್ಲದ ಕಾಗುಣಿತದ ಗುರುತು ಪರದೆಯ ಮೇಲೆ ವಿಕಾರವಾಗಿ ಕಾಣ್ತದೆ, ಹೆದರಬೇಕಿಲ್ಲ. ಗ್ರೆಪ್ ಅನ್ನು ಕೆನ್ ಥಾಮ್ಸನ್ 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬರೆದದ್ದು, ನಮ್ಮ ಶಾಸನಗಳಿಗಾಗಿ ಅಲ್ಲ. ಆದರೂ ಒಂದೇ ಪದವನ್ನು ನಾಲ್ಕು ಥರ ಬರೆಯುವ ಪಠ್ಯಕ್ಕೆ ಇದಕ್ಕಿಂತ ಹೊಂದುವ ಸಾಧನ ನಾನು ಕಂಡಿಲ್ಲ. ನೆಟ್‌ವರ್ಕ್ ಹೋದರೂ ನಡೀತದೆ, ನಮ್ಮ ಕಡೆ ಅದೂ ಒಂದು ಗುಣವೇ.

ನಮ್ಮ ಜಿಲ್ಲೆಗೆ ಇದು ಇನ್ನೂ ಹೆಚ್ಚು ಬೇಕು. ಕಲಬುರಗಿ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ರೈಸ್ ಶುರುಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಮೈಸೂರು ಸೀಮೆಯದು. ಹೀಗಾಗಿ ನಮ್ಮ ಶಾಸನಗಳು ಚದುರಿಹೋದವು. ನಾಗಾವಿಯವು 1928ರಲ್ಲಿ ಹೈದರಾಬಾದ್ ಆರ್ಕಿಯಾಲಾಜಿಕಲ್ ಸೀರೀಸ್‌ನಲ್ಲಿ ಬಂದವು, ಇನ್ನು ಕೆಲವು ಎಪಿಗ್ರಾಫಿಯಾ ಇಂಡಿಕಾದಲ್ಲಿ. ಬೇರೆಬೇರೆ ಸಂಪಾದಕರು, ಬೇರೆಬೇರೆ ಪದ್ಧತಿ, ಈಗ ಟೈಪು ಮಾಡುವವರ ಕೈಯೂ ಬೇರೆಬೇರೆ.

ಈ ತೊಡಕಿಗೆ ಕೆಲವರು ಕಂಡುಕೊಂಡ ಉಪಾಯವೇ ನನ್ನನ್ನು ಹೆಚ್ಚು ಕಾಡುವುದು: ಪಠ್ಯವನ್ನೇ ತಿದ್ದಿಬಿಡೋದು. ಧರ್ಮ್ಮವನ್ನು ಧರ್ಮ ಮಾಡು, ಸಕವರಿಷವನ್ನು ಶಕವರ್ಷ ಮಾಡು, ಱ ತೆಗೆದು ರ ಹಾಕು, ೞ ತೆಗೆದು ಳ ಹಾಕು, ಹುಡುಕೋದು ಸಲೀಸು. ಸಲೀಸು ಹೌದು. ಆದರೆ ೞ ಇರಬೇಕಾದಲ್ಲಿ ಳ ಬಂದಿದೆಯೋ ಇಲ್ಲವೋ ಅನ್ನೋದು ಕಾಲ ಹೇಳದ ಕಲ್ಲಿನ ಕಾಲ ಊಹಿಸಲು ಇರುವ ಸುಳಿವುಗಳಲ್ಲೊಂದು. ತಿದ್ದಿದ ಪಠ್ಯದಲ್ಲಿ ಆ ಸುಳಿವು ಸತ್ತಂತೆ. ಬಗ್ಗಬೇಕಾದದ್ದು ಮಾದರಿ, ಪಠ್ಯವಲ್ಲ. ಧರ್ಮ(್ಮ)? ಎಂದರೆ ಎರಡೂ ರೂಪ ಸಿಗುತ್ತವೆ; [ಶಸ]ಕ ?ವ(ರ್ಷ|ರಿಷ|ರುಷ) ಎಂದರೆ ಶಕವರ್ಷದ ಬಹುಪಾಲು ವೇಷಗಳು.

ೞ ವಿಷಯದಲ್ಲಿ ಒಂದು ಗುಂಡಿ ಉಂಟು. ‘ಯಾವುದೇ ವ್ಯಂಜನ’ ಅನ್ನಲು [ಕ-ಹ] ಬರೆಯುವುದು ರೂಢಿ. ಯೂನಿಕೋಡ್ ಸಾಲಿನಲ್ಲಿ ಱ ಈ ವ್ಯಾಪ್ತಿಯೊಳಗಿದೆ, ೞ ಹೊರಗಿದೆ, ಹ ಆದ ಮೇಲೆ ಎಷ್ಟೋ ಸ್ಥಾನ ಆಚೆ. ಅಂದರೆ ಏೞು, ಪೞೆಯ ಇಂಥ ಪದಗಳೇ ಜಾರಿಹೋಗುತ್ತವೆ. [ಕ-ಹೞ] ಎಂದು ಬರೆಯಬೇಕು. (ಯೂನಿಕೋಡ್ ಈ ಅಕ್ಷರಕ್ಕೆ ಮೊದಲು ಇಟ್ಟ ಇಂಗ್ಲಿಷ್ ಹೆಸರು ‘ಫಾ’! ಇಟ್ಟ ಹೆಸರು ಬದಲಿಸುವಂತಿಲ್ಲ ಎಂಬ ನಿಯಮದಿಂದಾಗಿ ಸರಿಯಾದ ಹೆಸರನ್ನು ಪಕ್ಕದಲ್ಲಿ ಅಂಟಿಸಿದ್ದಾರೆ.) ಚುಕ್ಕಿಯೂ ಹಾಗೇ. ಚುಕ್ಕಿ ಅಂದರೆ ಒಂದು ಅಕ್ಷರ ಅಂತ ಕಲಿಸ್ತಾರೆ. ಆದರೆ ನಮ್ಮ ‘ಕ್ಷಿ’ ಅದರ ಲೆಕ್ಕದಲ್ಲಿ ನಾಲ್ಕು.

ಸಂಧಿ ಇದಕ್ಕಿಂತ ಮೋಸಗಾರ. ಆಳಂದದ ಹಳೆಯ ಹೆಸರು ಆಳಂದೆ, ಆಳಂದೆ ಸಾಸಿರ ಒಂದು ಆಡಳಿತ ವಿಭಾಗ. ‘ಶ್ರೀಮದಾಳಂದೆ’ ಎಂದು ಕೂಡಿಸಿ ಬರೆದಲ್ಲಿ ಆ ಎಂಬ ಸ್ವರಾಕ್ಷರವೇ ಇರುವುದಿಲ್ಲ, ದೀರ್ಘದ ಗುರುತಷ್ಟೇ ಇರುತ್ತದೆ. ನಮ್ಮ ಕಣ್ಣಿಗೆ ಎರಡೂ ಒಂದೇ, ಗ್ರೆಪ್‌ಗೆ ಸಂಬಂಧವೇ ಇಲ್ಲದ ಎರಡು ಸಂಕೇತ. ಅದಕ್ಕೇ ನಾನು ಮೊದಲಕ್ಷರ ಬಿಟ್ಟು [ಲಳ](ಂ|ನ್)ದೆ ಎಂದಷ್ಟೇ ಹುಡುಕುತ್ತೇನೆ. ಬೇಡದ ಕಸವೂ ಬರ್ತದೆ, ಬರಲಿ. ಕಸವನ್ನು ಕಣ್ಣಿನಿಂದ ಆರಿಸಬಹುದು, ಬಾರದೇ ಉಳಿದದ್ದನ್ನು ಆರಿಸೋದು ಹೇಗೆ?

ಇನ್ನು ಸಾಲುಗಳು. ಗ್ರೆಪ್ ಸಾಲುಸಾಲಾಗಿ ನೋಡುತ್ತದೆ. ಸಂಪಾದಕರು ಕಲ್ಲಿನ ಸಾಲನ್ನೇ ಅಚ್ಚಿನಲ್ಲೂ ಉಳಿಸಿರುತ್ತಾರೆ, ಬರೆದವನಿಗೋ ಪದದ ನಡುವೆ ಸಾಲು ಮುರಿಯಲು ಯಾವ ಸಂಕೋಚವೂ ಇರಲಿಲ್ಲ. ‘ಚವು’ ಒಂದು ಸಾಲಿನ ಕೊನೆಗೆ, ‘ಡಿಸೆಟ್ಟಿ’ ಮುಂದಿನದರ ಮೊದಲಿಗೆ ಬಿದ್ದರೆ ಎಷ್ಟು ಚೆಂದದ ಮಾದರಿಯೂ ಕುರುಡು. ಜೊತೆಗೆ ಕಂಸಗಳು: ಅಳಿಸಿದ ಅಕ್ಷರಕ್ಕೆ ಒಂದು, ಸಂಪಾದಕರ ತಿದ್ದುಪಡಿಗೆ ಇನ್ನೊಂದು. ಚ[ವು]ಡ ಎಂದಿದ್ದರೆ ಹೆಸರು ಮತ್ತೆ ತಪ್ಪಿಹೋಯಿತು.

ಇದಕ್ಕೆ ಸಾಲು ಕೂಡಿಸಿ, ಕಂಸ ತೆಗೆದ ಒಂದು ಪ್ರತಿ ಮಾಡಿಕೊಳ್ಳಲೇಬೇಕು, ನಾನೂ ಮಾಡಿಕೊಂಡಿದ್ದೇನೆ. ತಕರಾರು ಮುಂದಿನ ಹಂತದ್ದು. ಹುಡುಕಲು ಮಾಡಿದ ಆ ಬೋಳು ಪ್ರತಿಯಿಂದಲೇ ಸಾಲು ಎತ್ತಿ ‘ಶಾಸನದಲ್ಲಿ ಹೀಗಿದೆ’ ಎಂದು ಹಾಕುತ್ತಾರೆ. ಕಂಸ ಹೋದದ್ದೇ ತಡ, ಸಂಪಾದಕರು ಅನುಮಾನದಿಂದ ಓದಿದ ‘ವು’ ಕಲ್ಲಿನ ಸಾಕ್ಷಿಯಾಗಿ ನಿಲ್ಲುತ್ತದೆ. ನಾಲ್ಕು ಜನ ಹಂಚಿಕೊಂಡ ಮೇಲೆ ಅದನ್ನು ಯಾರೂ ಪ್ರಶ್ನಿಸೋದಿಲ್ಲ. ಹುಡುಕಲು ಬೋಳು ಪ್ರತಿ, ಉಲ್ಲೇಖಿಸಲು ಅಚ್ಚಿನ ಪುಟ ಅಂತ ಬೇರೆ ಇಟ್ಟುಕೊಂಡರೆ ಇಷ್ಟು ರಗಳೆಯೇ ಇಲ್ಲ.

ಹಾಗಾಗಿ ಯಾರಾದರೂ ‘ಎಲ್ಲೂ ಇಲ್ಲ’ ಎಂದು ಬರೆದಾಗ ನಾನು ಕೇಳುವುದು ಎರಡೇ: ಯಾವ ಸಂಪುಟಗಳ ಪಠ್ಯದಲ್ಲಿ ಹುಡುಕಿದ್ರಿ, ಮಾದರಿ ಯಾವುದು ಕೊಟ್ರಿ? ಎರಡನ್ನೂ ಬರಹದ ಕೆಳಗೆ ಹಾಕಲು ಒಂದು ಸಾಲು ಸಾಕು. ಬೇರೆಯವರು ಅದೇ ಮಾದರಿಯನ್ನು ತಮ್ಮಲ್ಲಿ ಓಡಿಸಿ ನೋಡ್ತಾರೆ, ಬಿಟ್ಟುಹೋದ ರೂಪವಿದ್ದರೆ ಒಂದು ಕಂಬಿ ಹಾಕಿ ಸೇರಿಸ್ತಾರೆ.