ಗೆಳೆಯರಿಗಾಗಿ ಅಚ್ಚಾದ ಪಾಠ

ದೂರದೇಶದ ತರಗತಿಯೊಂದಕ್ಕೆ ಮಕ್ಕಳಿಂದ ಪತ್ರ ಬರೆಸುವ ಕಾರ್ಯಕ್ರಮ ಈಗ ಎಷ್ಟೋ ಶಾಲೆಗಳಲ್ಲಿದೆ. ಯುರೋಪಿನಲ್ಲಿ 2005ರಿಂದ ಇ-ಟ್ವಿನಿಂಗ್ ಯೋಜನೆ ಶಾಲೆ ಶಾಲೆಗಳನ್ನು ಅಂತರ್ಜಾಲದಲ್ಲಿ ಜೋಡಿಸುತ್ತಿದೆ. ಜೋಡಿಸುವುದು ಇಂದು ಸಲೀಸು. ಆದರೆ ಮಕ್ಕಳ ಕಾಗದ ಬಿಡಿಸಿದರೆ ಹೆಚ್ಚಿನವುಗಳಲ್ಲಿ ಸಿಗುವುದು ಹೆಸರು, ವಯಸ್ಸು, ಇಷ್ಟದ ಬಣ್ಣ, ಇಷ್ಟದ ಆಟ. ಎರಡನೇ ಕಾಗದದ ಹೊತ್ತಿಗೆ ಮಾತು ಮುಗಿದಿರುತ್ತದೆ. ತಪ್ಪು ಮಕ್ಕಳದಲ್ಲ.

ಫ್ರಾನ್ಸಿನ ಹಳ್ಳಿ ಮೇಷ್ಟ್ರು ಸೆಲೆಸ್ತಾಂ ಫ್ರೆನೆ ಇದೇ ಕೆಲಸವನ್ನು ಬೇರೆ ರೀತಿ ಮಾಡಿದರು. ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟಾಗಿದ್ದ ಅವರಿಗೆ ಗಂಟೆಗಟ್ಟಲೆ ಗಟ್ಟಿಯಾಗಿ ಪಾಠ ಹೇಳಲು ಆಗುತ್ತಿರಲಿಲ್ಲ. ದಕ್ಷಿಣದ ಗುಡ್ಡಸೀಮೆಯ ಬಾರ್-ಸುರ್-ಲೂ ಎಂಬ ಊರಿನ ತರಗತಿಗೆ ಅವರು ಪುಟ್ಟ ಅಚ್ಚಿನ ಯಂತ್ರ ತಂದಿಟ್ಟರು. ಮಕ್ಕಳು ತಾವು ಕಂಡದ್ದನ್ನು ಬರೆಯುತ್ತಿದ್ದರು. ಒಂದು ಬರಹವನ್ನು ಎಲ್ಲರೂ ಸೇರಿ ಆರಿಸಿ, ತಿದ್ದಿ, ಸೀಸದ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದರು. 1926ರಲ್ಲಿ ಆ ಹಾಳೆಗಳು ಫ್ರಾನ್ಸಿನದೇ ಬ್ರಿಟನಿ ಸೀಮೆಯ ಕಡಲತಡಿಯ ಟ್ರೆಗಂಕ್‌ನಲ್ಲಿ ರೆನೆ ಡೇನಿಯಲ್ ಎಂಬ ಮೇಷ್ಟ್ರ ಶಾಲೆಗೆ ಹೋಗತೊಡಗಿದವು. ಅಲ್ಲಿಂದಲೂ ಹಾಳೆ ಬಂದವು, ಪೊಟ್ಟಣಗಳು ಬಂದವು. ಆ ಹಾಳೆಗಳೇ ಓದಿನ ಪಾಠವಾದವು.

ಈ ಪ್ರಯೋಗದ ಹೆಚ್ಚುಗಾರಿಕೆ ಸ್ನೇಹಕ್ಕಿಂತ ಕೆಲಸದಲ್ಲಿದೆ ಎಂದು ನನಗನಿಸುತ್ತದೆ. ಮೊಳೆಯಲ್ಲಿ ಅಕ್ಷರ ತಿರುವುಮುರುವಾಗಿರುತ್ತದೆ. ಒಂದೊಂದನ್ನೇ ಹುಡುಕಿ, ಬೆರಳಿಗೆ ಮಸಿ ಹತ್ತಿಸಿಕೊಂಡು ಸಾಲು ಕೂಡಿಸುವ ಮಗುವಿಗೆ ಕಾಗುಣಿತದ ತಪ್ಪು ಮೇಷ್ಟ್ರ ಕೆಂಪು ಗೆರೆಯ ವಿಷಯವಲ್ಲ. ಅಷ್ಟು ದೂರದ ಓದುಗನಿಗೆ ಅರ್ಥವಾಗಬೇಕು, ಅಷ್ಟೆ. ಮೇಲಾಗಿ ಕಡಲ ಮಕ್ಕಳಿಗೆ ಗುಡ್ಡದ ಬದುಕು ಗೊತ್ತಿಲ್ಲ. ಗೊತ್ತಿಲ್ಲದವರಿಗೆ ಹೇಳಹೊರಟಾಗಲೇ ಮಗು ತನ್ನ ಊರನ್ನು ಸರಿಯಾಗಿ ನೋಡುವುದು.

ಕೊರತೆಯೂ ಇತ್ತು. ಎರಡೂ ಕಡೆಯ ಮೇಷ್ಟ್ರುಗಳು ಒಂದೇ ಮನಸ್ಸಿನವರಾಗಿದ್ದರಿಂದ ಇದು ನಡೆಯಿತು. ಒಬ್ಬರು ಸೋತರೆ ಇನ್ನೊಂದು ತರಗತಿ ಅಂಚೆಯ ದಾರಿ ಕಾಯುತ್ತಾ ಕೂರಬೇಕು. ಮಗುವಿಗೆ ಅದು ಸಣ್ಣ ನೋವಲ್ಲ. ಇನ್ನೊಂದು, ಭಾಷೆ. ಆಗ ಬ್ರಿಟನಿಯ ಹಳ್ಳಿಮನೆಗಳಲ್ಲಿ ಬ್ರೆಟನ್ ಮಾತಾಡುತ್ತಿದ್ದರು. ಶಾಲೆಯಲ್ಲಿ ಮಾತ್ರ ಫ್ರೆಂಚ್, ಬ್ರೆಟನ್ ಆಡಿದ ಮಕ್ಕಳಿಗೆ ಶಿಕ್ಷೆ ಕೊಡುವ ರೂಢಿಯೂ ಇತ್ತು.

ಇಂದಿನ ಜಾಗತಿಕ ವಿನಿಮಯಗಳಲ್ಲಿ ಫ್ರೆಂಚಿನ ಆ ಜಾಗದಲ್ಲಿ ಇಂಗ್ಲಿಷ್ ಕೂತಿದೆ. ನಮ್ಮ ಹಳ್ಳಿಯ ಮಗು ಅದರಲ್ಲಿ ಬರೆದರೆ ಗೊತ್ತಿರುವುದನ್ನೆಲ್ಲ ಬಿಟ್ಟು, ಬರೆಯಲು ಬರುವುದನ್ನಷ್ಟೇ ಬರೆಯುತ್ತದೆ. ಇಷ್ಟದ ಬಣ್ಣದ ಹೆಸರು ಅಲ್ಲಿಂದಲೇ ಬಂದದ್ದು. ಕನ್ನಡದಲ್ಲೇ ಬರೆಸುವ ದಾರಿಯೂ ಇದೆ. ಅಮೆರಿಕದಲ್ಲಿ ವಾರಾಂತ್ಯಕ್ಕೆ ನಡೆಯುವ ಕನ್ನಡ ಕಲಿ ತರಗತಿಗಳಿವೆ. ಮಂಡ್ಯದ ಸರ್ಕಾರಿ ಶಾಲೆಯೊಂದನ್ನು ಅವುಗಳ ಜೊತೆ ಫ್ರೆನೆಯ ಕ್ರಮದಲ್ಲೇ ಜೋಡಿಸಬಹುದು: ಮಗುವಿಗೊಂದು ಕಾಗದ ಬೇಡ, ತರಗತಿಯಿಂದ ತರಗತಿಗೆ, ತಿಂಗಳಿಗೊಂದು ಕಟ್ಟು, ವರ್ಷಪೂರ್ತಿ. ಆಲೆಮನೆಯ ಬಗ್ಗೆ ಇಲ್ಲಿಂದ ಬರೆದರೆ, ಕೊಪ್ಪರಿಗೆಯ ಕಬ್ಬಿನ ಹಾಲಿಗೆ ಸುಣ್ಣ ಯಾಕೆ ಹಾಕುತ್ತಾರೆ ಎಂದು ಅಲ್ಲಿಂದ ಕೇಳುತ್ತಾರೆ. ಪಠ್ಯಪುಸ್ತಕದಲ್ಲಿ ಅದಕ್ಕೆ ಉತ್ತರ ಸಿಗದು. ಮಕ್ಕಳು ಆಲೆಮನೆಗೇ ಹೋಗಿ ಬೆಲ್ಲ ಕಾಯಿಸುವವರನ್ನು ಕೇಳಿಕೊಂಡು ಬರಬೇಕು.