ಕಲಾವಿದನಿಗೊಂದು ಸ್ವಂತ ವಿಳಾಸ ಬೇಡವೇ?

ಗೋಡೆಗಳ ಮೇಲೆ, ಅಂಗಡಿಗಳ ಬೋರ್ಡುಗಳ ಮೇಲೆ ಕುಂಚ ಹಿಡಿದು ಬರೆಯುತ್ತಿದ್ದ ಕಲಾವಿದರಿಗೆ ಒಂದು ರೂಢಿಯಿತ್ತು. ಕೆಲಸ ಮುಗಿದ ಮೇಲೆ ಕೆಳಗಿನ ಮೂಲೆಯಲ್ಲಿ ಪುಟ್ಟ ಅಕ್ಷರಗಳಲ್ಲಿ ತಮ್ಮ ಹೆಸರು, ಅದರ ಪಕ್ಕ ‘ಆರ್ಟ್ಸ್’ ಎಂಬ ಪದ, ಊರಿನ ಹೆಸರು ಬರೆಯುತ್ತಿದ್ದರು. ಬೋರ್ಡು ಅಂಗಡಿಯವನದ್ದಾದರೂ ಆ ಮೂಲೆ ಕಲಾವಿದನದ್ದು. ಅದನ್ನು ನೋಡಿಯೇ ಮುಂದಿನ ಕೆಲಸ ಹುಡುಕಿಕೊಂಡು ಬರುತ್ತಿತ್ತು. ಫ್ಲೆಕ್ಸ್ ಬಂದು ಕೆಲಸದ ಜೊತೆಗೆ ಆ ಮೂಲೆಯನ್ನೂ ಕಿತ್ತುಕೊಂಡಿತು. 2016ರ ಮಾರ್ಚ್‌ನಲ್ಲಿ ರಾಜ್ಯ ಸರಕಾರ ಫ್ಲೆಕ್ಸನ್ನೂ ಸೇರಿಸಿ ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿತಾದರೂ ಕುಂಚದ ಹಳೆಯ ಕಾಲ ಮರಳಲಿಲ್ಲ.

ಇಂದು ಕಲಾವಿದರು ಹೊಸ ಗೋಡೆಗಳನ್ನು ಕಂಡುಕೊಂಡಿದ್ದಾರೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಯೂಟ್ಯೂಬ್‌ಗಳಲ್ಲಿ ಚಿತ್ರ, ಹಾಡು, ನಾಟಕ ಎಲ್ಲವೂ ಇವೆ. ಇದು ಸ್ವಾಗತಾರ್ಹವೇ. ಬೆಂಗಳೂರಿನ ಗ್ಯಾಲರಿಗಳ ಬಾಗಿಲು ಕಾಯದೆ ಆವರಗೆರೆಯ ಹುಡುಗನೊಬ್ಬ ತನ್ನ ಚಿತ್ರವನ್ನು ಲೋಕಕ್ಕೆ ತೋರಿಸಬಲ್ಲ. ಆದರೆ ಈ ಗೋಡೆ ಯಾರದ್ದು? ಈ ಪ್ರಶ್ನೆಯನ್ನು ನಾವು ಕೇಳಿಕೊಂಡಿದ್ದೇವೆಯೇ?

ಬಾಡಿಗೆ ಮನೆಯ ಯಜಮಾನ ಯಾವಾಗ ಬೇಕಾದರೂ ಬೀಗ ಹಾಕಬಹುದು. ಒಂದು ಕಾಲದಲ್ಲಿ ನಮ್ಮ ಯುವಕರೆಲ್ಲ ಸೇರುತ್ತಿದ್ದ ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಮುಚ್ಚಿತು. 2015ರವರೆಗೆ ಮೈಸ್ಪೇಸ್‌ಗೆ ಏರಿಸಿದ್ದ ಹಾಡುಗಳು ಸರ್ವರ್ ಬದಲಾವಣೆಯ ವೇಳೆ ನಾಶವಾದ ಸಂಗತಿ 2019ರಲ್ಲಿ ಬಯಲಾಯಿತು. 2020ರ ಜೂನ್ 29ರಂದು ಭಾರತ ಸರಕಾರ ಟಿಕ್‌ಟಾಕನ್ನು ನಿಷೇಧಿಸಿತು. ನಿಷೇಧದ ಸರಿತಪ್ಪು ಬೇರೆ ಚರ್ಚೆ. ಅದನ್ನೇ ವೇದಿಕೆ ಮಾಡಿಕೊಂಡಿದ್ದ ಹಳ್ಳಿಯ ಹಾಡುಗಾರರು, ಹಾಸ್ಯಗಾರರು ಗಳಿಸಿದ್ದ ನೋಡುಗರನ್ನು ಕಳೆದುಕೊಂಡರೆಂಬುದಂತೂ ನಿಜ. ಕೊರೋನಾ ಕಾಲದಲ್ಲಿ ರಂಗಮಂದಿರಗಳು ಮುಚ್ಚಿದಾಗ ಅನೇಕರು ಫೇಸ್‌ಬುಕ್ ಲೈವ್‌ನಲ್ಲಿ ಹಾಡಿದರು, ಅಭಿನಯಿಸಿದರು. 2025ರ ಫೆಬ್ರವರಿ 19ರಿಂದ ಲೈವ್ ವಿಡಿಯೋಗಳನ್ನು 30 ದಿನ ಮಾತ್ರ ಇಟ್ಟುಕೊಳ್ಳುವುದಾಗಿ ಆ ಕಂಪೆನಿ ಘೋಷಿಸಿತು. ಹಳೆಯವನ್ನು ಇಳಿಸಿಕೊಳ್ಳಲು 90 ದಿನಗಳ ಗಡುವು ಕೊಟ್ಟಿತು. ಗಡುವಿನ ಸುದ್ದಿ ತಲುಪದವರ ಗತಿಯೇನು?

ದಾವಣಗೆರೆಗೆ ಈ ಪಾಠ ಹೊಸದಾಗಬೇಕಿಲ್ಲ. ಇದು ವೃತ್ತಿರಂಗಭೂಮಿಯ ಊರು. ಚಿಂದೋಡಿ ವೀರಪ್ಪನವರು, ಅವರ ಬಳಿಕ 2010ರಲ್ಲಿ ನಿಧನರಾದ ಮಗಳು ಚಿಂದೋಡಿ ಲೀಲಾ ಅವರು ನಡೆಸಿದ ಕೆ.ಬಿ.ಆರ್. ಡ್ರಾಮಾ ಕಂಪೆನಿ ಇಲ್ಲಿಯದು. ನಾಟಕ ಕಂಪೆನಿಗಳು ಊರಿಂದೂರಿಗೆ ಕ್ಯಾಂಪ್ ಹಾಕುವಾಗ ಪರದೆ, ಸೀನರಿ, ವೇಷಭೂಷಣಗಳನ್ನು ಲಾರಿಯಲ್ಲಿ ತಮ್ಮೊಂದಿಗೇ ಒಯ್ಯುತ್ತಿದ್ದವು. ಜಾಗ ಬಾಡಿಗೆಯದ್ದಾದರೂ ಸರಂಜಾಮು ಸ್ವಂತದ್ದು. ಒಂದೂರಿನಲ್ಲಿ ಜಾಗ ಹೋದರೆ ಇನ್ನೊಂದೂರಿನಲ್ಲಿ ನಾಟಕ ಏಳುತ್ತಿತ್ತು. ಕಲಾವಿದನಿಗೆ ಸ್ವಂತ ವೆಬ್‌ಸೈಟ್ ಬೇಕೆನ್ನುವುದೂ ಇದೇ ಕಾರಣಕ್ಕೆ. ಕಂಪೆನಿಯ ಸೇವೆ ಸರಿಬೀಳದಿದ್ದರೆ ಅದೇ ವಿಳಾಸ, ಅದೇ ಕೃತಿಗಳೊಂದಿಗೆ ಬೇರೆಡೆಗೆ ಹೋಗಬಹುದು. ಜನ ಹಳೆಯ ಹೆಸರಿಗೇ ಬರುತ್ತಾರೆ.

ಇನ್ನೊಂದು ಲಾಭ ಕ್ರಮಕ್ಕೆ ಸಂಬಂಧಿಸಿದ್ದು. ಸಾಮಾಜಿಕ ಜಾಲತಾಣದಲ್ಲಿ ಹತ್ತು ವರ್ಷದ ಸಾಧನೆ, ನಿನ್ನೆಯ ಹುಟ್ಟುಹಬ್ಬ, ಯಾರದೋ ರಾಜಕೀಯ ಜಗಳ ಎಲ್ಲವೂ ಒಂದೇ ಗೋಣಿಚೀಲದಲ್ಲಿವೆ. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯ 1964ರಿಂದ ಕಲಾವಿದರನ್ನು ರೂಪಿಸುತ್ತ ಬಂದಿದೆ. ಅಲ್ಲಿ ಕಲಿತು ಹೊರಬಂದವರೊಬ್ಬರ ಆರಂಭದ ರೇಖಾಚಿತ್ರ ಹೇಗಿತ್ತು, ಬಣ್ಣ ಯಾವಾಗ ಬದಲಾಯಿತು ಎಂದು ತಿಳಿಯಬಯಸುವ ವಿಮರ್ಶಕನಾಗಲಿ ವಿದ್ಯಾರ್ಥಿಯಾಗಲಿ ಎಲ್ಲಿಗೆ ಹೋಗಬೇಕು? ಪ್ರದರ್ಶನ ನಾಲ್ಕು ದಿನಕ್ಕೆ ಮುಗಿಯುತ್ತದೆ, ಕೃತಿ ಕೊಂಡವರ ಮನೆ ಸೇರುತ್ತದೆ. ವರ್ಷ, ಅಳತೆ, ಮಾಧ್ಯಮಗಳ ವಿವರದೊಂದಿಗೆ ಜೋಡಿಸಿಟ್ಟ ಪುಟವಿದ್ದರೆ ಮಾತ್ರ ವಿಮರ್ಶೆ ಸಾಧ್ಯ. ನಮ್ಮಲ್ಲಿ ಕಲಾವಿಮರ್ಶೆ ಬಡವಾಗಿರುವುದಕ್ಕೆ ಇಂಥ ದಾಖಲೆಗಳ ಕೊರತೆಯೂ ಒಂದು ಕಾರಣ.

ಹೆಸರಿನ ಪ್ರಶ್ನೆಯೂ ಇದೆ. ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ವ್ಯಂಗ್ಯಚಿತ್ರದ ಮೂಲೆಯ ಸಹಿಯನ್ನು ಯಾರೋ ಕತ್ತರಿಸಿರುತ್ತಾರೆ. ಬಿದರಿ ಕಲೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಬೀದರಿನ ಹೆಸರು ಉಳಿಯಿತು. ಆದರೆ ಹೂದಾನಿಯ ಮೇಲೆ ಬೆಳ್ಳಿತಂತಿ ಕೂರಿಸಿದ ಕೈ ಯಾರದ್ದೆಂದು ಕೊಂಡವನಿಗೆ ಗೊತ್ತಾಗುವುದೆಷ್ಟು ಸಲ? ಸ್ವಂತ ತಾಣ ಕಳ್ಳತನವನ್ನು ತಡೆಯಲಾರದು. ಆದರೆ ‘ಇದು ನನ್ನದು, ಇಂಥ ದಿನ ಪ್ರಕಟಿಸಿದೆ’ ಎಂದು ತೋರಿಸಲು ಒಂದು ಸಾಕ್ಷಿ ಕೊಡುತ್ತದೆ. ಕೊಳ್ಳುವವನು ಮಧ್ಯವರ್ತಿಯಿಲ್ಲದೆ ನೇರ ಮಾತಾಡುತ್ತಾನೆ.

‘ಅಲ್ಲಿಗೆ ಬರುವವರು ಯಾರು?’ ಎಂಬ ಆಕ್ಷೇಪದಲ್ಲಿ ಹುರುಳಿದೆ. ಜನ ಸೇರುವುದು ಸಂತೆಯಲ್ಲಿಯೇ. ಹಾಗಾಗಿ ಸಂತೆಯನ್ನು ಬಿಡಬೇಕಿಲ್ಲ, ಅಲ್ಲಿ ಕಂಡವರನ್ನು ಮನೆಗೆ ಕರೆಯಬೇಕು. ಖರ್ಚೂ ದೊಡ್ಡದಲ್ಲ. ವಿಳಾಸಕ್ಕೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು, ಪುಟಗಳನ್ನಿಡುವ ಜಾಗಕ್ಕೆ ಇನ್ನೊಂದಿಷ್ಟು. ಎಚ್ಚರ ಬೇಕಾದುದು ಬೇರೆ ಕಡೆ. ಪರಿಚಯವನ್ನು ಚಿತ್ರವಾಗಿಸಿ ಅಂಟಿಸಿದರೆ ಅಥವಾ ನುಡಿಯ ಹಳೆಯ ಅಕ್ಷರಗಳಲ್ಲಿ ಹಾಕಿದರೆ ಹುಡುಕುವವನಿಗೆ ಸಿಗುವುದಿಲ್ಲ. ಕನ್ನಡವನ್ನು ಯೂನಿಕೋಡ್‌ನಲ್ಲಿಯೇ ಬರೆಯಬೇಕು. ವರ್ಷವರ್ಷ ಹಣ ಕಟ್ಟದಿದ್ದರೆ ವಿಳಾಸವೂ ಕೈತಪ್ಪುತ್ತದೆ. ಕಲಾವಿದ ತೀರಿಕೊಂಡ ಮೇಲೆ ಕಟ್ಟುವವರಾರು? ಆದ್ದರಿಂದ ಕೀಲಿಪದ ಮನೆಯ ಇನ್ನೊಬ್ಬರಿಗೂ ಗೊತ್ತಿರಬೇಕು, ಕೃತಿಗಳ ಪ್ರತಿ ಮನೆಯ ಹಾರ್ಡ್‌ಡಿಸ್ಕ್‌ನಲ್ಲೂ ಇರಬೇಕು.

ಎಲ್ಲವನ್ನೂ ಕಲಾವಿದನ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ಬಣ್ಣ ಬೆರೆಸಲು ಕಲಿಸುವ ಕಾಲೇಜುಗಳು ಕೃತಿಯನ್ನು ದಾಖಲಿಸಲೂ ಕಲಿಸಲಿ. ಸನ್ಮಾನಕ್ಕೆ ಶಾಲು, ಹಾರ, ಫಲತಾಂಬೂಲ ತರುವ ಸಂಘಸಂಸ್ಥೆಗಳು ಅದರ ಬದಲು ಹಿರಿಯ ಕಲಾವಿದನೊಬ್ಬನ ತಾಣದ ಹತ್ತು ವರ್ಷದ ವೆಚ್ಚ ಕಟ್ಟಲಿ. ಶಾಲು ಪೆಟ್ಟಿಗೆ ಸೇರುತ್ತದೆ. ಕೃತಿ ಮಾತ್ರ ನೋಡುವವರ ಕಣ್ಣೆದುರು ಇರಬೇಕು, ಅದನ್ನು ಮಾಡಿದವನ ಹೆಸರಿನೊಂದಿಗೆ.