ಒಂದೇ ಸಲ ತೋರಿಸಿದ ಕ್ರಿಸ್‌ಮಸ್ ಕತೆ

ಉರ್ದು ಶಾಲೆಯಲ್ಲಿ ವ್ಯಾಕರಣ ಕಲಿಯುವಾಗ ‘ಮಾಜಿ’ ಎಂದರೆ ಭೂತಕಾಲ ಎಂದು ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು. ಮುಂದೆ ಕನ್ನಡ ಪತ್ರಿಕೆಗಳನ್ನು ಓದತೊಡಗಿದಾಗ ಅದೇ ಪದ ಮಾಜಿ ಸಚಿವ, ಮಾಜಿ ಶಾಸಕ ಎಂದು ಎದುರಾಗಿ ನಗು ತರಿಸಿತ್ತು. ಉರ್ದು ಕವಿಗಳು ಮಾಜಿಯನ್ನು ನೆನೆದು ನಿಟ್ಟುಸಿರಿಡುತ್ತಾರೆ. ಕನ್ನಡದಲ್ಲಿ ಮಾಜಿ ಎಂದರೆ ಕುರ್ಚಿ ಕಳೆದುಕೊಂಡವನು. ಗತಕಾಲದ ಹಳಹಳಿಕೆಯ ಬಗ್ಗೆ ಯೋಚಿಸುವಾಗ ಈ ಎರಡೂ ಅರ್ಥಗಳು ಬೇಕು ಎಂದು ನನಗೆ ಅನ್ನಿಸಿದ್ದು ಅಮೆರಿಕ ಮತ್ತು ಬ್ರಿಟನ್ನಿನ ಹಳೆಯ ಕ್ರಿಸ್‌ಮಸ್ ಟಿವಿ ಕಾರ್ಯಕ್ರಮಗಳ ಬಗ್ಗೆ ಓದುತ್ತಾ, ಸಿಕ್ಕವನ್ನು ನೋಡುತ್ತಾ ಹೋದಾಗ. ಕಳೆದುಹೋದದ್ದಕ್ಕೆ ನಿಟ್ಟುಸಿರು ಬಿಡುವವರು ಬಹಳ. ಅದು ಕಳೆದುಹೋದದ್ದು ಹೇಗೆ ಎಂದು ಕೇಳುವವರು ಕಡಿಮೆ.

ಟಿವಿ ಮನೆಮನೆಗೆ ಬಂದ 1950ರ ದಶಕದಿಂದಲೇ ಆ ದೇಶಗಳಲ್ಲಿ ಡಿಸೆಂಬರ್ ತಿಂಗಳಿಗೆಂದು ವಿಶೇಷ ನಾಟಕ, ಸಂಗೀತ ರೂಪಕ, ಗೊಂಬೆ ಚಿತ್ರಗಳನ್ನು ತಯಾರಿಸುವ ರೂಢಿ ಬೆಳೆಯಿತು. 1964ರಲ್ಲಿ ಬಂದ ಕೆಂಪು ಮೂಗಿನ ಹಿಮಸಾರಂಗ ರುಡಾಲ್ಫನ ಚಿತ್ರ, 1965ರ ‘ಎ ಚಾರ್ಲಿ ಬ್ರೌನ್ ಕ್ರಿಸ್‌ಮಸ್’ ಇವೆಲ್ಲ ವರ್ಷವರ್ಷವೂ ಮರಳಿ ಬಂದು ಹಬ್ಬದ ಊಟದಷ್ಟೇ ಹಬ್ಬದ ಭಾಗವಾದವು. ಆದರೆ ಇವುಗಳ ಜೊತೆಯಲ್ಲೇ ತಯಾರಾದ ಎಷ್ಟೋ ಕಾರ್ಯಕ್ರಮಗಳು ಒಂದು ಸಲವೋ ಎರಡು ಸಲವೋ ಬಂದು ಮರೆಯಾದವು. ಮನೆಯಲ್ಲಿ ವಿಡಿಯೋ ರೆಕಾರ್ಡರ್ ಇಲ್ಲದ ಕಾಲವದು. ಆ ರಾತ್ರಿ ನೋಡಿದವರ ನೆನಪೇ ಅದರ ಏಕೈಕ ಪ್ರತಿ. ಎಂಟು ವರ್ಷದವರಿದ್ದಾಗ ನೋಡಿದ ಒಂದು ದೃಶ್ಯಕ್ಕಾಗಿ ಅರವತ್ತು ದಾಟಿದವರು ಇಂದಿಗೂ ಹುಡುಕಾಡುತ್ತಾರೆ.

ಈ ಹುಡುಕಾಟವನ್ನು ನಾನು ಹಗುರವಾಗಿ ಕಾಣಲಾರೆ. ನಮ್ಮ ಬೀದಿಗೆ ಎರಡೇ ಟಿವಿ ಇದ್ದ ಕಾಲದಲ್ಲಿ ಬೆಳೆದವನು ನಾನು. ಅದರಲ್ಲೊಂದು ಪಕ್ಕದ ಕ್ರೈಸ್ತ ಕುಟುಂಬದ್ದು. ಡಿಸೆಂಬರ್ 24ರ ಸಂಜೆ ಅವರ ಮನೆಯಿಂದ ಕುಲ್ಕುಲ್, ಕರ್ಜಿಕಾಯಿ, ಕೇಕು ತುಂಬಿದ ತಟ್ಟೆ ನಮ್ಮ ಮನೆಗೆ ಬರುತ್ತಿತ್ತು. ಖಾಲಿ ತಟ್ಟೆ ಮರಳಿಸುವ ನೆಪದಲ್ಲಿ ಹೋದ ನಾವು ಮಕ್ಕಳು ಅವರ ಟಿವಿ ಮುಂದೆ ಕೂತುಬಿಡುತ್ತಿದ್ದೆವು. ಆಗ ಏನು ನೋಡಿದೆವೋ ಒಂದೂ ನೆನಪಿಲ್ಲ. ನೆನಪಿರುವುದು ಒಂದೇ ಚಾಪೆಯ ಮೇಲೆ ಕೂತಿದ್ದು. ಅಪರೂಪದ ಕಾರ್ಯಕ್ರಮಕ್ಕಾಗಿ ಹಂಬಲಿಸುವವರು ನಿಜವಾಗಿ ಹಂಬಲಿಸುವುದೂ ಬಹುಶಃ ಆ ಚಾಪೆಗಾಗಿಯೇ ಇರಬೇಕು.

ಆದರೆ ಚಾಪೆಯ ನೆನಪಿನಲ್ಲಿ ಮೈಮರೆತರೆ ಇನ್ನೊಂದು ಪ್ರಶ್ನೆ ಹಿಂದೆ ಸರಿಯುತ್ತದೆ. ಒಂದು ಕೃತಿ ಅಪರೂಪವಾಗುವುದು ತಾನಾಗಿಯೇ ಅಲ್ಲ. ಬಿಬಿಸಿಯ ‘ಡಾಕ್ಟರ್ ಹೂ’ ಸರಣಿಯಲ್ಲಿ 1965ರ ಡಿಸೆಂಬರ್ 25ರಂದು ಒಂದು ಕಂತು ಪ್ರಸಾರವಾಯಿತು. ಅದರ ಕೊನೆಯಲ್ಲಿ ನಾಯಕ ನಟ ವಿಲಿಯಂ ಹಾರ್ಟ್‌ನೆಲ್ ಕ್ಯಾಮೆರಾದತ್ತ ತಿರುಗಿ ಮನೆಯಲ್ಲಿ ಕೂತು ನೋಡುತ್ತಿರುವವರಿಗೆಲ್ಲ ಹಬ್ಬದ ಶುಭಾಶಯ ಹೇಳುತ್ತಾನೆ. ಟೇಪು ದುಬಾರಿ, ಮತ್ತೆ ಬಳಸಬಹುದು ಎಂಬ ಲೆಕ್ಕಾಚಾರದಲ್ಲಿ ಬಿಬಿಸಿ ಆ ದಶಕದ ಎಷ್ಟೋ ಕಾರ್ಯಕ್ರಮಗಳನ್ನು ಅಳಿಸಿಹಾಕಿತು. ಈ ಕಂತೂ ಹಾಗೆಯೇ ಹೋಯಿತು. ಅಭಿಮಾನಿಗಳು ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದುಕೊಂಡ ಧ್ವನಿ ಮಾತ್ರ ಉಳಿದಿದೆ. ಮುಖವಿಲ್ಲದ ಶುಭಾಶಯ! ಇಲ್ಲಿ ಕಾರಣ ಅಲಕ್ಷ್ಯ.

ಇನ್ನೊಂದು ಕಡೆ ಕಾರಣ ಕರ್ತೃವಿನ ಮುನಿಸು. 1951ರ ಡಿಸೆಂಬರ್ 24ರಂದು ಅಮೆರಿಕದ ಎನ್‌ಬಿಸಿಯಲ್ಲಿ ಜ್ಯಾನ್ ಕಾರ್ಲೊ ಮೆನೋಟ್ಟಿಯ ‘ಅಮಾಲ್ ಅಂಡ್ ದಿ ನೈಟ್ ವಿಸಿಟರ್ಸ್’ ಪ್ರಸಾರವಾಯಿತು. ಅದು ಆ ದೇಶದಲ್ಲಿ ಟಿವಿಗೆಂದೇ ರಚಿತವಾದ ಮೊದಲ ಆಪೆರಾ. ಕುಂಟ ಹುಡುಗ, ಅವನ ಬಡ ತಾಯಿ, ಅವರ ಗುಡಿಸಲಿಗೆ ರಾತ್ರಿ ತಂಗಲು ಬಂದ ಮೂವರು ಅರಸರು. ಹಸಿದ ಮಗನಿಗಾಗಿ ತಾಯಿ ಅರಸರ ಚಿನ್ನಕ್ಕೆ ಕೈಹಾಕುತ್ತಾಳೆ. ವರ್ಷವರ್ಷವೂ ಬರುತ್ತಿದ್ದ ಈ ಕೃತಿಯನ್ನು 1963ರಲ್ಲಿ ತನ್ನನ್ನು ಬಿಟ್ಟು ಹೊಸದಾಗಿ ಚಿತ್ರೀಕರಿಸಿದರೆಂದು ಮೆನೋಟ್ಟಿ ಸಿಟ್ಟಾದ. 1966ರ ನಂತರ ಅದರ ಮರುಪ್ರಸಾರಕ್ಕೆ ಅವನು ಒಪ್ಪಲಿಲ್ಲ. ನಾಚಿಕೆಯಿಂದ ಮುಚ್ಚಿಟ್ಟದ್ದೂ ಉಂಟು. 1978ರ ನವೆಂಬರಿನಲ್ಲಿ ಸಿಬಿಎಸ್ ಒಂದೇ ಸಲ ತೋರಿಸಿದ ‘ಸ್ಟಾರ್ ವಾರ್ಸ್ ಹಾಲಿಡೇ ಸ್ಪೆಷಲ್’ ಅದರ ಒಡೆಯರಿಗೇ ಬೇಡವಾಗಿ, ವೀಕ್ಷಕರು ಮನೆಯಲ್ಲಿ ಹಿಡಿದಿಟ್ಟ ಕ್ಯಾಸೆಟ್ಟುಗಳ ಕಳ್ಳಪ್ರತಿಗಳಲ್ಲಿ ಬದುಕಿಕೊಂಡಿತು.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಫ್ರಾಂಕ್ ಕಾಪ್ರಾನ ‘ಇಟ್ಸ್ ಎ ವಂಡರ್‌ಫುಲ್ ಲೈಫ್’. 1946ರಲ್ಲಿ ಬಂದಾಗ ಹಾಕಿದ ದುಡ್ಡು ಹುಟ್ಟದ ಚಿತ್ರವದು. 1974ರಲ್ಲಿ ಅದರ ಹಕ್ಕುಸ್ವಾಮ್ಯ ನವೀಕರಣವಾಗದೆ ಹೋಯಿತು. ಪುಕ್ಕಟೆ ಸಿಕ್ಕಿದ್ದೇ ತಡ, ಊರೂರಿನ ಟಿವಿ ಕೇಂದ್ರಗಳು ಡಿಸೆಂಬರಿಡೀ ಅದನ್ನು ತೋರಿಸತೊಡಗಿದವು. ಸೋತ ಚಿತ್ರ ಇಡೀ ದೇಶದ ಹಬ್ಬದ ಚಿತ್ರವಾಯಿತು. 1993ರಲ್ಲಿ ಮೂಲ ಕತೆ ಮತ್ತು ಸಂಗೀತದ ಹಕ್ಕಿನ ಬಲದಿಂದ ಒಂದು ಕಂಪೆನಿ ಅದನ್ನು ಮತ್ತೆ ತನ್ನ ಹತೋಟಿಗೆ ತೆಗೆದುಕೊಂಡಿತು. ಸಂಪ್ರದಾಯ ಎಂದು ನಾವು ಗೌರವದಿಂದ ಕರೆಯುವುದರ ಹಿಂದೆ ಒಮ್ಮೊಮ್ಮೆ ಒಂದು ಅರ್ಜಿ ಸಲ್ಲಿಸಲು ಮರೆತ ಕಚೇರಿ ಇರುತ್ತದೆ.

ಅಲಕ್ಷ್ಯ, ಮುನಿಸು, ನಾಚಿಕೆ, ಕಾನೂನು. ಇವಿಷ್ಟರಿಂದ ಮಾತ್ರ ವಿವರಿಸಲಾಗದ ಒಂದು ಚಿತ್ರದ ಬಗ್ಗೆ ಹೇಳಲೆಂದೇ ನಾನು ಈ ಲೇಖನಕ್ಕೆ ಕೂತದ್ದು. ಅದರ ಹೆಸರು ‘ಕ್ಯಾರೊಲ್ ಫಾರ್ ಅನದರ್ ಕ್ರಿಸ್‌ಮಸ್’. 1964ರ ಡಿಸೆಂಬರ್ 28ರಂದು, ಅಂದರೆ ಹಬ್ಬ ಕಳೆದ ಮೂರನೇ ದಿನ, ಎಬಿಸಿ ವಾಹಿನಿಯಲ್ಲಿ ಜಾಹೀರಾತುಗಳಿಲ್ಲದೆ ಪ್ರಸಾರವಾಯಿತು. ಅಮೆರಿಕದ ಟಿವಿಯಲ್ಲಿ ಮತ್ತೆ ಕಾಣಿಸಿದ್ದು 2012ರ ಡಿಸೆಂಬರಿನಲ್ಲಿ, ಟರ್ನರ್ ಕ್ಲಾಸಿಕ್ ಮೂವೀಸ್ ವಾಹಿನಿಯಲ್ಲಿ. ನಡುವೆ 48 ವರ್ಷ.

ವಿಶ್ವಸಂಸ್ಥೆಯ ಆಶಯಗಳನ್ನು ಜನರಿಗೆ ಮುಟ್ಟಿಸಲೆಂದು ಜೆರಾಕ್ಸ್ ಕಂಪೆನಿಯ ಹಣದಿಂದ ತಯಾರಾದ ಸರಣಿಯ ಮೊದಲ ಚಿತ್ರವಿದು. ನಿರ್ದೇಶಕ ಜೋಸೆಫ್ ಮ್ಯಾಂಕೀವಿಚ್ ಸಿನಿಮಾ ಲೋಕದ ದೊಡ್ಡ ಹೆಸರು. ಬರೆದವನು ‘ಟ್ವಿಲೈಟ್ ಝೋನ್’ ಖ್ಯಾತಿಯ ರಾಡ್ ಸರ್ಲಿಂಗ್. ಎರಡನೇ ಮಹಾಯುದ್ಧದಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಸೈನಿಕನಾಗಿ ಹೋರಾಡಿ ಬಂದವನು. ಕಪ್ಪು ಹುಡುಗ ಎಮೆಟ್ ಟಿಲ್‌ನ ಕೊಲೆಯಿಂದ ಪ್ರೇರಿತನಾಗಿ 1950ರ ದಶಕದಲ್ಲಿ ಅವನು ಬರೆದ ಟಿವಿ ನಾಟಕವನ್ನು ಪ್ರಾಯೋಜಕರ ಭಯ ಗುರುತು ಸಿಗದಂತೆ ಮಾಡಿತ್ತು. ಈ ಸಲ ಪ್ರಾಯೋಜಕನೇ ಬೆನ್ನಿಗಿದ್ದ. ಜಾನ್ ಬರ್ಚ್ ಸೊಸೈಟಿ ಎಂಬ ಬಲಪಂಥೀಯ ಸಂಘಟನೆ ವಿಶ್ವಸಂಸ್ಥೆಯ ಪ್ರಚಾರ ನಿಲ್ಲಿಸಿ ಎಂದು ಕಂಪೆನಿಗೆ ಪತ್ರಗಳ ಮಳೆ ಸುರಿಸಿದರೂ ಜೆರಾಕ್ಸ್ ಹಿಂದೆ ಸರಿಯಲಿಲ್ಲ.

ಕತೆಯ ಚೌಕಟ್ಟು ಚಾರ್ಲ್ಸ್ ಡಿಕನ್ಸ್ 1843ರಲ್ಲಿ ಬರೆದ ‘ಎ ಕ್ರಿಸ್‌ಮಸ್ ಕ್ಯಾರೊಲ್’ನದು. ಜಿಪುಣ ಸ್ಕ್ರೂಜ್‌ನ ಜಾಗದಲ್ಲಿ ಇಲ್ಲಿ ಡೇನಿಯಲ್ ಗ್ರಡ್ಜ್ ಎಂಬ ಸಿರಿವಂತ ಉದ್ಯಮಿ. ಪಾತ್ರ ವಹಿಸಿದವನು ಸ್ಟರ್ಲಿಂಗ್ ಹೇಡನ್. ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಗ್ರಡ್ಜ್‌ಗೆ ಹೊರಗಿನ ಜಗತ್ತೇ ಬೇಡ. ಅವರ ಪಾಡು ಅವರಿಗೆ, ನಮ್ಮ ಪಾಡು ನಮಗೆ. ಪೋಲೆಂಡಿನ ವಿಶ್ವವಿದ್ಯಾಲಯದೊಂದಿಗೆ ಅಧ್ಯಾಪಕರ ವಿನಿಮಯವನ್ನೂ ಅವನು ತಡೆಯುತ್ತಾನೆ. ಆ ರಾತ್ರಿ ಮೂರು ಪ್ರೇತಗಳು ಬರುತ್ತವೆ. ಮೊದಲನೆಯದು ಸತ್ತ ಸೈನಿಕರ ಶವಪೆಟ್ಟಿಗೆಗಳಿಂದ ತುಂಬಿದ ಹಡಗಿನಿಂದ ಅವನನ್ನು 1945ರ ಹಿರೋಶಿಮಾದ ಆಸ್ಪತ್ರೆಗೆ, ಮುಖ ಸುಟ್ಟುಹೋದ ಶಾಲಾ ಹುಡುಗಿಯರ ಮುಂದೆ ನಿಲ್ಲಿಸುತ್ತದೆ. ಎರಡನೆಯದು ತುಂಬಿದ ಮೇಜಿನ ಮುಂದೆ ಕೂತು ತಿನ್ನುತ್ತದೆ. ದೀಪ ಹತ್ತಿದರೆ ಪಕ್ಕದಲ್ಲೇ ಮುಳ್ಳುತಂತಿಯ ಆಚೆ ನಿರಾಶ್ರಿತರು. ಮೂರನೆಯದು ಅಣುಯುದ್ಧದ ನಂತರದ ಪಾಳುಬಿದ್ದ ಸಭಾಂಗಣಕ್ಕೆ ಕರೆದೊಯ್ಯುತ್ತದೆ.

ಆ ಸಭಾಂಗಣದಲ್ಲಿ ಅಳಿದುಳಿದವರ ನಾಯಕನಾಗಿ ‘ಇಂಪೀರಿಯಲ್ ಮಿ’ ಎಂಬುವನು ಆಳುತ್ತಾನೆ. ಕನ್ನಡದಲ್ಲಿ ‘ಚಕ್ರವರ್ತಿ ನಾನು’ ಎನ್ನಬಹುದೇನೋ. ಅದೇ ವರ್ಷ ಹೃದಯಾಘಾತದಿಂದ ಸಾವಿನ ಬಾಗಿಲು ಮುಟ್ಟಿ ಬಂದಿದ್ದ ಪೀಟರ್ ಸೆಲ್ಲರ್ಸ್ ಆ ಪಾತ್ರ ಮಾಡಿದ್ದಾನೆ. ನಾನು ಮಾತ್ರ ಮುಖ್ಯ, ಉಳಿದ ‘ನಾನು’ಗಳನ್ನೆಲ್ಲ ಮುಗಿಸಿ ಕೊನೆಗೆ ಒಬ್ಬನೇ ‘ನಾನು’ ಉಳಿಯಬೇಕು ಎಂಬುದು ಅವನ ಸಿದ್ಧಾಂತ. ಜನ ಕೇಕೆ ಹಾಕಿ ನಗುತ್ತಾರೆ. ವಿವೇಕದ ಮಾತಾಡಲು ಮುಂದೆ ಬರುವವನು ಚಾರ್ಲ್ಸ್, ಗ್ರಡ್ಜ್‌ನ ಮನೆಯ ಕಪ್ಪು ಸೇವಕ. ಅವನ ಮೇಲೆ ಗುಂಡು ಹಾರಿಸುವವನು ಒಬ್ಬ ಪುಟ್ಟ ಹುಡುಗ. ‘ನಾನು’ ಎಂಬುದರ ಬಗ್ಗೆ ಕನಕದಾಸರಿಂದ ಸೂಫಿಗಳವರೆಗೆ ನಮ್ಮಲ್ಲಿ ಬೇಕಾದಷ್ಟು ಎಚ್ಚರಿಕೆಗಳಿವೆ. ಆದರೆ ಅದು ಸಭೆಯೊಂದರ ಘೋಷಣೆಯಾದಾಗ, ಮಕ್ಕಳ ಕೈಗೆ ಬಂದೂಕು ಬಂದಾಗ ಹೇಗಿರುತ್ತದೆ ಎಂಬುದನ್ನು ಇಷ್ಟು ಬೆತ್ತಲೆಯಾಗಿ ತೋರಿಸಿದ ಹಬ್ಬದ ಚಿತ್ರವನ್ನು ನಾನು ನೋಡಿಲ್ಲ.

ಹಾಗೆಂದು ಇದೊಂದು ಮೇರುಕೃತಿ ಎಂದು ಸಾಧಿಸುವ ಹಟ ನನಗಿಲ್ಲ. ಪಾತ್ರಗಳು ಮಾತಾಡುವುದಕ್ಕಿಂತ ಭಾಷಣ ಮಾಡುವುದೇ ಹೆಚ್ಚು. ಗ್ರಡ್ಜ್ ಮತ್ತು ಅವನ ಸೋದರಳಿಯನ ವಾದ ಎರಡು ಸಂಪಾದಕೀಯಗಳ ಜಗಳದಂತಿದೆ. ಬಂಡಾಯದ ಕಾಲದ ನಮ್ಮ ದುರ್ಬಲ ಕತೆಗಳಲ್ಲಿ ಕಾಣುವ ದೋಷವೇ ಇದು. ಬರಹಗಾರನ ಸಿಟ್ಟು ನಿಜ, ಆದರೆ ಪಾತ್ರಕ್ಕೆ ಉಸಿರಾಡಲು ಜಾಗವಿಲ್ಲ. ನನ್ನ ದೊಡ್ಡ ತಕರಾರು ಬೇರೆಯೇ ಇದೆ. ಮುಳ್ಳುತಂತಿಯ ಆಚೆಗಿನವರಿಗೆ ಇಲ್ಲಿ ಹೆಸರಿಲ್ಲ. ಅವರು ಗ್ರಡ್ಜ್‌ನ ಮನಸ್ಸು ಕರಗಿಸಲು ಬಂದವರು, ತಮ್ಮ ಕತೆ ಹೇಳಲು ಬಂದವರಲ್ಲ. ಅನ್ಯರ ನೋವು ಬಲ್ಲಿದರ ಪಶ್ಚಾತ್ತಾಪಕ್ಕೆ ಸರಕಾಗುವ ಈ ರೋಗದಿಂದ ಒಳ್ಳೆಯ ಉದ್ದೇಶದ ಕಲೆಯೂ ತಪ್ಪಿಸಿಕೊಳ್ಳುವುದಿಲ್ಲ.

ಹೀಗಿದ್ದೂ ಕೊನೆಯ ದೃಶ್ಯ ಚಿತ್ರವನ್ನು ಕಾಪಾಡುತ್ತದೆ. ಬೆಳಗಾದಾಗ ಬದಲಾದ ಗ್ರಡ್ಜ್ ಜಗತ್ತನ್ನುದ್ಧರಿಸಲು ಹೊರಡುವುದಿಲ್ಲ. ತನ್ನದೇ ಮನೆಯ ಅಡುಗೆಕೋಣೆಗೆ ಹೋಗಿ, ಸೇವಕರ ಜೊತೆ ಕೂತು ಕಾಫಿ ಕುಡಿಯುತ್ತಾನೆ. ಅಮೆರಿಕದಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂದ ವರ್ಷವೇ 1964. ಯಾರ ಜೊತೆ ಯಾರು ಕೂತು ತಿನ್ನಬಹುದು ಎಂಬ ಪ್ರಶ್ನೆಗೆ ಜನ ಜೈಲು ಸೇರಿ, ಪ್ರಾಣ ಕೊಟ್ಟಿದ್ದ ದಿನಗಳು. ನಮ್ಮ ದೇಶದ ಓದುಗರಿಗೆ ಆ ಲೋಟದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಚಿತ್ರವನ್ನು ಯಾರೂ ನಿಷೇಧಿಸಲಿಲ್ಲ. ಮತ್ತೆ ತೋರಿಸಲಿಲ್ಲ, ಅಷ್ಟೇ. ಗಮನಿಸಬೇಕಾದದ್ದು ಇದೇ. ಹಬ್ಬದ ಹಳಹಳಿಕೆಗೆ ಹಿರೋಶಿಮಾ ಬೇಡ, ಮುಳ್ಳುತಂತಿ ಬೇಡ. ಕುಟುಂಬದೊಳಗೆ ಹುಟ್ಟಿ ಕುಟುಂಬದೊಳಗೇ ಬಗೆಹರಿಯುವ ಕಷ್ಟಗಳಾದರೆ ಸಾಕು. ನಮ್ಮಲ್ಲೂ ಹಾಗೆಯೇ. ದೂರದರ್ಶನದ ಸುವರ್ಣಯುಗ ಎಂದಾಗ ಎಲ್ಲರಿಗೂ ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ನೆನಪಾಗುತ್ತದೆ. ನೆನಪಾಗಲಿ, ಅದು ಯೋಗ್ಯವೇ. ಆದರೆ 1988ರಲ್ಲಿ ಅದೇ ದೂರದರ್ಶನ ಗೋವಿಂದ ನಿಹಲಾನಿ ಅವರ ‘ತಮಸ್’ ತೋರಿಸಿತ್ತು. ದೇಶವಿಭಜನೆಯ ಹಿಂಸೆಯನ್ನು ಕುರಿತ ಆ ಸರಣಿಯನ್ನು ನಿಲ್ಲಿಸಿ ಎಂದು ಕೋರ್ಟಿಗೆ ಹೋದವರಿದ್ದರು. ಸುಪ್ರೀಂ ಕೋರ್ಟ್ ಆ ಅರ್ಜಿಯನ್ನು ವಜಾ ಮಾಡಿತು. ಹಳೆಯ ಟಿವಿಯ ಬಗ್ಗೆ ನಿಟ್ಟುಸಿರು ಬಿಡುವವರ ಪಟ್ಟಿಯಲ್ಲಿ ‘ತಮಸ್’ ಎಷ್ಟು ಸಲ ಬರುತ್ತದೆ?

ಅನ್ಯರ ಮಾತೇಕೆ, ನನ್ನದೇ ತಪ್ಪು ಒಪ್ಪಿಕೊಳ್ಳಬೇಕು. ಪಕ್ಕದ ಮನೆಯ ಕುಲ್ಕುಲ್ ತಟ್ಟೆ ನನ್ನ ಎರಡು ಮೂರು ಕತೆಗಳಲ್ಲಿ ಬಂದಿದೆ. ಓದಿದವರು ಮೆಚ್ಚಿಕೊಂಡಿದ್ದಾರೆ, ಸೌಹಾರ್ದದ ಚಿತ್ರ ಎಂದು ಬೆನ್ನು ತಟ್ಟಿದ್ದಾರೆ. ಆದರೆ 1992ರ ಡಿಸೆಂಬರ್ ಯಾವ ಕತೆಯಲ್ಲೂ ಬಂದಿಲ್ಲ. ನನಗಾಗ ಹನ್ನೆರಡು ವರ್ಷ. ಆ ತಿಂಗಳು ಟಿವಿಯಲ್ಲಿ ವಾರ್ತೆ ಬಂದಾಗ ದೊಡ್ಡವರು ನಮ್ಮನ್ನು ಒಳಗೆ ಕಳಿಸುತ್ತಿದ್ದರು. ಕತ್ತಲಾದ ಮೇಲೆ ಬೀದಿಗೆ ಯಾರೂ ಇಳಿಯುತ್ತಿರಲಿಲ್ಲ. ತಟ್ಟೆ ಆ ವರ್ಷವೂ ಬಂತು. ಸಂಜೆಯ ಬದಲು ಮಧ್ಯಾಹ್ನವೇ, ಹಿತ್ತಿಲ ಬಾಗಿಲಿನಿಂದ, ಸೆರಗಿನಡಿ ಮುಚ್ಚಿಕೊಂಡು. ತಂದ ಹೆಂಗಸು ಕೂರಲಿಲ್ಲ. ಅಮ್ಮಿ ಖಾಲಿ ತಟ್ಟೆಯನ್ನು ಆಗಲೇ ತೊಳೆದು ಅವರ ಕೈಗೇ ಕೊಟ್ಟರು. ತಟ್ಟೆ ಮರಳಿಸುವ ನೆಪದಲ್ಲಿ ನಾವು ಮಕ್ಕಳು ಆ ಮನೆಗೆ ಹೋಗಿ ಟಿವಿ ಮುಂದೆ ಕೂರುವುದು ಆ ವರ್ಷ ನಿಂತಿತು. ಸಿಹಿ ತಟ್ಟೆಯನ್ನು ಮಾತ್ರ ಬರೆದು ಹಿತ್ತಿಲ ಬಾಗಿಲನ್ನು ಬಿಟ್ಟವನು ನಾನೇ. ಯಾವ ಪ್ರಾಯೋಜಕನೂ ನನ್ನ ಕೈ ಹಿಡಿದಿರಲಿಲ್ಲ.

ಮುಂದಿನ ಡಿಸೆಂಬರಿನಲ್ಲಿ ಸಾಧ್ಯವಾದರೆ ಓದುಗರು ಈ ಕಪ್ಪುಬಿಳುಪು ಚಿತ್ರವನ್ನು ಹುಡುಕಿ ನೋಡಬೇಕು. ಒಂದೂವರೆ ಗಂಟೆಗೂ ಕಡಿಮೆಯ ಚಿತ್ರ. ಅದರ ಭಾಷಣಗಳು ಬೇಸರ ತರಿಸಬಹುದು, ತರಿಸಲಿ. ನಿರಾಶ್ರಿತರ ಬೇಲಿಯ ಪಕ್ಕದಲ್ಲಿ ತಿನ್ನುತ್ತಾ ಕೂತ ಆ ಪ್ರೇತವನ್ನು ನೋಡಿದ ಮೇಲೆ ನಮ್ಮ ಹಬ್ಬದ ನೆನಪುಗಳಿಂದ ನಾವು ಏನನ್ನು ಕೈಬಿಟ್ಟಿದ್ದೇವೆ ಎಂದು ಒಮ್ಮೆ ಎಣಿಸಿ ನೋಡಬೇಕೆನಿಸುತ್ತದೆ. ನನಗೆ ಹಾಗೆನಿಸಿತು. ಆ ಹಿತ್ತಿಲ ಬಾಗಿಲಿನ ಕತೆಯನ್ನು ಈಗ ಬರೆಯುತ್ತಿದ್ದೇನೆ.